ಕೆರೆ ಮೀನುಗಾರಿಕೆಗೆ ಜೀವರಕ್ಷಕ ಜಾಕೆಟ್: ಆಯ್ಕೆ ಮತ್ತು ಬಳಕೆ

ಕೆರೆ ಮತ್ತು ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವುದು ನಮ್ಮ ಅನೇಕ ರೈತರಿಗೆ ಉಪಕಸುಬಾಗಿದೆ. ಮರಿ ಎಲ್ಲಿ ಸಿಗುತ್ತದೆ, ಆಹಾರ ಎಷ್ಟು ಹಾಕಬೇಕು, ಯಾವಾಗ ಹಿಡಿಯಬೇಕು ಎಂದು ರೈತರು ನಮ್ಮನ್ನು ವಿಚಾರಿಸುತ್ತಾರೆ. ನೀರಿಗಿಳಿಯುವ ಮನುಷ್ಯನ ರಕ್ಷಣೆಯನ್ನು ಕುರಿತು ವಿಚಾರಿಸುವವರು ವಿರಳ. ಬಲೆ ಹರಿದರೆ ಹೆಣೆಯಬಹುದು. ಇಂದು ತಪ್ಪಿದ ಮೀನನ್ನು ನಾಳೆ ಹಿಡಿಯಬಹುದು. ಮನೆಯ ದುಡಿಯುವ ಕೈ ನೀರುಪಾಲಾದರೆ ಆ ನಷ್ಟವನ್ನು ತುಂಬಲಾಗದು.

ಈಜು ಬಲ್ಲವರಿಗೂ ಬೇಕೆ?

“ಹುಡುಗನಾಗಿದ್ದಾಗಿನಿಂದ ಇದೇ ಕೆರೆಯಲ್ಲಿ ಈಜಿದ್ದೇನೆ, ನನಗೇಕೆ ಜಾಕೆಟ್?” ಎಂದು ನೀವು ಕೇಳಬಹುದು. ಬಯಸಿ ನೀರಿಗೆ ಹಾರುವುದೇ ಬೇರೆ, ಮೈಮೇಲೆ ಬಟ್ಟೆ ಇರುವಾಗ ತೆಪ್ಪದಿಂದ ಆಯತಪ್ಪಿ ಬೀಳುವುದೇ ಬೇರೆ. ಬೀಸುಬಲೆಯ ಹಗ್ಗ ಮಣಿಕಟ್ಟಿಗೆ ಬಿಗಿದಿರುತ್ತದೆ. ಕಾಲಿಗೆ ಜೊಂಡು ಅಥವಾ ಬಲೆ ಸುತ್ತಿಕೊಳ್ಳಬಹುದು, ಸ್ನಾಯು ಸೆಳೆತ ಬರಬಹುದು, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಬಹುದು. ಆಗ ಕಲಿತ ಈಜು ಉಪಯೋಗಕ್ಕೆ ಬಾರದು.

ಪಾಲಿಥೀನ್ ಹಾಸಿದ ಕೃಷಿ ಹೊಂಡ ಇನ್ನೂ ಅಪಾಯಕಾರಿ. 3 ಮೀಟರ್ ಆಳದ ಹೊಂಡದ ಇಳಿಜಾರು ಪಾಚಿ ಕಟ್ಟಿ ನುಣುಪಾಗಿರುತ್ತದೆ. ಈಜು ಬಲ್ಲವನೂ ಹಿಡಿಯಲು ಆಸರೆಯಿಲ್ಲದೆ ಮತ್ತೆ ಮತ್ತೆ ಜಾರಿ ದಣಿಯುತ್ತಾನೆ. ನೆರವು ಬರುವವರೆಗೆ ಆತನನ್ನು ತೇಲಿಸಿಡುವುದು ಜಾಕೆಟ್‌ನ ಕೆಲಸ.

ಹೆಸರಿಗೆ ಮೋಸಹೋಗದಿರಿ

ಮೀನುಗಾರರ ಜಾಕೆಟ್ ಎಂಬ ಹೆಸರಿನಲ್ಲಿ ಅನೇಕ ಜೇಬುಗಳುಳ್ಳ ತೋಳಿಲ್ಲದ ಅಂಗಿಯೂ ಮಾರಾಟಕ್ಕಿದೆ. ಕೃತಕ ನೊಣವನ್ನು ಗಾಳಕ್ಕೆ ಕಟ್ಟಿ ಹೊಳೆಯಲ್ಲಿ ಮೀನು ಹಿಡಿಯುವ ಹವ್ಯಾಸಿಗಳಿಗಾಗಿ ಹುಟ್ಟಿದ ಉಡುಪು ಇದು. ಅಮೆರಿಕದ ಲೀ ವುಲ್ಫ್ ಎಂಬುವರು 1931ರಲ್ಲಿ ಇದನ್ನು ಮೊದಲು ಹೊಲಿದರೆಂದು ಹೇಳಲಾಗುತ್ತದೆ. ಗಾಳ, ದಾರ, ಕತ್ತರಿ ಇಟ್ಟುಕೊಳ್ಳಲು ಇದು ಅನುಕೂಲವೇ ಸರಿ. ಆದರೆ ಸಾಮಾನ್ಯವಾಗಿ ಇದರಲ್ಲಿ ತೇಲಿಸುವ ವಸ್ತು ಇರುವುದಿಲ್ಲ. ಆದ್ದರಿಂದ ಜೇಬುಗಳನ್ನು ಎಣಿಸಬೇಡಿ, ಒಳಗೆ ಏನು ತುಂಬಿದೆ ಎಂಬುದನ್ನು ನೋಡಿ.

ಆಯ್ಕೆ ಮಾಡುವ ಕ್ರಮ

1. ತೇಲಿಸುವ ಶಕ್ತಿ: ಇದನ್ನು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 10 ನ್ಯೂಟನ್ ಎಂದರೆ ಸುಮಾರು 1 ಕಿ.ಗ್ರಾಂ ಭಾರವನ್ನು ಎತ್ತಿಹಿಡಿಯುವ ಬಲ. ಹೆಚ್ಚಿನ ವಯಸ್ಕರ ತಲೆ ನೀರಿನ ಮೇಲೆ ನಿಲ್ಲಲು 3 ರಿಂದ 5 ಕಿ.ಗ್ರಾಂ ನೆರವು ಸಾಕು. 50 ನ್ಯೂಟನ್ ಜಾಕೆಟ್ ಈಜು ಬಲ್ಲವರಿಗೆ, ಅದೂ ನೆರವು ಹತ್ತಿರದಲ್ಲಿದ್ದಾಗ ಮಾತ್ರ ತಕ್ಕದ್ದು. ಎಚ್ಚರ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸಲು ಹೆಚ್ಚಿನ ಬಲ, ಕತ್ತಿನ ಹಿಂದೆ ಆಸರೆ ಎರಡೂ ಬೇಕು. ಈಜು ಬಾರದವರು ಮತ್ತು ಒಂಟಿಯಾಗಿ ಕೆರೆಗಿಳಿಯುವವರು 100 ನ್ಯೂಟನ್‌ಗೆ ಕಡಿಮೆಯಿಲ್ಲದ, ಕೊರಳಪಟ್ಟಿಯುಳ್ಳ ಜಾಕೆಟ್ಟನ್ನೇ ಕೊಳ್ಳಬೇಕು. ನ್ಯೂಟನ್ ಪ್ರಮಾಣ, ಧರಿಸುವವರ ತೂಕದ ಮಿತಿ ಮತ್ತು ಗುಣಮಟ್ಟದ ಸಂಖ್ಯೆ ಮುದ್ರಿಸಿರದ ಜಾಕೆಟ್ ಅಗ್ಗವಾದರೂ ಬೇಡ.

2. ತುಂಬಿದ ವಸ್ತು: ಗಾಳಿ ತುಂಬುವ ಜಾಕೆಟ್ ಹಗುರ. ಆದರೆ ಮುಳ್ಳು ಅಥವಾ ಗಾಳ ಚುಚ್ಚಿದರೆ ಕೆಡುತ್ತದೆ. ಒಮ್ಮೆ ಬಳಸಿದ ಅನಿಲದ ಸಿಲಿಂಡರನ್ನು ಬದಲಿಸಬೇಕು. ನಮ್ಮ ಕೆಲಸಕ್ಕೆ ನೀರು ಹೀರದ ಫೋಮ್ ತುಂಬಿದ ಜಾಕೆಟ್ಟೇ ಸೂಕ್ತ.

3. ಅಳತೆ: ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು ಕೈಗಳನ್ನು ಮೇಲೆತ್ತಿ, ಜೊತೆಯವರಿಂದ ಭುಜದ ಬಳಿ ಜಾಕೆಟ್ಟನ್ನು ಮೇಲಕ್ಕೆ ಎಳೆಸಿ. ಅದು ಗಲ್ಲದವರೆಗೆ ಸರಿದರೆ ಸಡಿಲವಾಗಿದೆ ಎಂದು ತಿಳಿಯಿರಿ. ಬಲೆ ಬೀಸುವಂತೆ ತೋಳು ಆಡಿಸಿ ನೋಡಿ, ಕಂಕುಳಲ್ಲಿ ಉಜ್ಜಬಾರದು. ಬೆಳೆಯುವ ಮಕ್ಕಳೆಂದು ದೊಡ್ಡ ಅಂಗಿ ಹೊಲಿಸುವ ರೂಢಿ ಇಲ್ಲಿ ಸಲ್ಲದು. ಮಗುವಿನ ಇಂದಿನ ತೂಕಕ್ಕೆ ಒಪ್ಪುವ, ಕಾಲಸಂದಿನಲ್ಲಿ ಹಾಯುವ ಪಟ್ಟಿಯುಳ್ಳ ಜಾಕೆಟ್ ಬೇಕು.

4. ಬಣ್ಣ: ಕಿತ್ತಳೆ ಅಥವಾ ಹಳದಿ ಬಣ್ಣ ದೂರಕ್ಕೆ ಕಾಣುತ್ತದೆ. ಬೆಳಕಿಗೆ ಹೊಳೆಯುವ ಪಟ್ಟಿ ಮತ್ತು ಒಂದು ಸೀಟಿ ಇರಲಿ.

ಮನೆಯಲ್ಲೇ ಪರೀಕ್ಷೆ

50 ನ್ಯೂಟನ್ ಜಾಕೆಟ್‌ಗೆ 5 ಕಿ.ಗ್ರಾಂ, 100 ನ್ಯೂಟನ್ ಜಾಕೆಟ್‌ಗೆ 10 ಕಿ.ಗ್ರಾಂ ಕಬ್ಬಿಣದ ತೂಕದ ಬಟ್ಟು ಕಟ್ಟಿ ತೊಟ್ಟಿಯಲ್ಲಿ ಒಂದು ದಿನ ಬಿಡಿ. ಬಟ್ಟು ತೊಟ್ಟಿಯ ತಳಕ್ಕೆ ತಾಗದಂತೆ ಕಟ್ಟಬೇಕು. ಜಾಕೆಟ್ ಮುಳುಗಿದರೆ ಅದನ್ನು ಬಳಸಬೇಡಿ. ಕಲ್ಲು ಕಟ್ಟಿ ಪರೀಕ್ಷಿಸಬಾರದು. 5 ಕಿ.ಗ್ರಾಂ ಕಬ್ಬಿಣ ನೀರಿನಲ್ಲಿ ಸುಮಾರು 4.4 ಕಿ.ಗ್ರಾಂ ತೂಗಿದರೆ, ಅಷ್ಟೇ ತೂಕದ ಕಲ್ಲು ಸುಮಾರು 3 ಕಿ.ಗ್ರಾಂ ಮಾತ್ರ ತೂಗುತ್ತದೆ. ದುರ್ಬಲ ಜಾಕೆಟ್ಟೂ ಕಲ್ಲಿನ ಪರೀಕ್ಷೆಯಲ್ಲಿ ಗೆದ್ದುಬಿಡಬಹುದು. ಬಳಿಕ ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಒಬ್ಬರನ್ನು ಹಗ್ಗ ಹಿಡಿದು ನಿಲ್ಲಿಸಿ, ಹಿಂದಕ್ಕೆ ಒರಗಿ ನೋಡಿ. ಬಾಯಿ ನೀರಿನಿಂದ ಮೇಲಿರಬೇಕು.

ಜೋಪಾಸನೆ

ಬಳಸಿದ ಮೇಲೆ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸೀಮೆಎಣ್ಣೆ, ಪೆಟ್ರೋಲ್ ತಾಗಿಸಬೇಡಿ. ಮಡಿಸಿ ಅದರ ಮೇಲೆ ಕೂಡುವುದರಿಂದ ಫೋಮ್ ಅಪ್ಪಚ್ಚಿಯಾಗಿ ಶಕ್ತಿಗುಂದುತ್ತದೆ. ಇಲಿ ಕಡಿಯದಂತೆ ತೂಗುಹಾಕಿ. ಹೊಲಿಗೆ ಬಿಚ್ಚಿದ, ಬಕಲ್ ಮುರಿದ ಜಾಕೆಟ್ಟನ್ನು ನಂಬಬೇಡಿ.

ಕೃಷಿ ಹೊಂಡವುಳ್ಳವರು ಸುತ್ತ ಬೇಲಿ ಹಾಕಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗಗಳನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಬೇಕು. ಯಾರಾದರೂ ಬಿದ್ದರೆ ಹಿಂದೆಯೇ ನೀರಿಗೆ ಹಾರಬೇಡಿ. ಹಗ್ಗ ಅಥವಾ ಗಾಳಿ ತುಂಬಿದ ಟ್ಯೂಬ್ ಎಸೆಯಿರಿ.

ರೈತ ಬಾಂಧವರೇ, ತೆಪ್ಪದ ಮೂಲೆಯಲ್ಲಿ ಬಿದ್ದಿರುವ ಜಾಕೆಟ್ ಯಾರನ್ನೂ ಕಾಯದು. ಎತ್ತು ಹೂಡುವ ಮೊದಲು ನೊಗದ ಕಣ್ಣಿ ನೋಡುವಂತೆ, ತೆಪ್ಪಕ್ಕೆ ಕಾಲಿಡುವ ಮೊದಲು ಜಾಕೆಟ್ ತೊಟ್ಟು ಬಕಲ್ ಬಿಗಿದಿದೆಯೇ ಎಂದು ನೋಡಿಕೊಳ್ಳಿ.