ಹಿಂದಿನ ಸೀಟಿನ ಕಿವಿಗಳನ್ನು ನಂಬಿ

ಎಲೆಕ್ಟ್ರಿಕ್ ಕಾರಿನಲ್ಲಿ ಹಿಂದೆ ಕೂತ ಮಗು "ಅಪ್ಪಾ, ಏನೋ ಸಿಳ್ಳೆ ಹೊಡೀತಿದೆ" ಎಂದಾಗ "ಏನೂ ಇಲ್ಲ, ಸುಮ್ನಿರು" ಎಂದುಬಿಡಬೇಡಿ. ಮಕ್ಕಳಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ನಲವತ್ತು ದಾಟಿದವರಿಗೆ ಆ ಏರುಸ್ವರಗಳು ಬಹುಪಾಲು ಕೈತಪ್ಪಿರುತ್ತವೆ. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದಿಸಿ ಕೊಡುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ. ಅದರ ಕೀರಲು ದನಿ ನಿಮಗೆ ಕೇಳದಿದ್ದರೂ ಮಗುವಿಗೆ ಕೇಳಬಹುದು.

ಹಾಗೆಂದು ಕೇಳಿದ ಸದ್ದೆಲ್ಲ ಕಾಯಿಲೆಯಲ್ಲ. ಪೆಟ್ರೋಲ್ ಎಂಜಿನ್ನಿನ ಗದ್ದಲ ಇಲ್ಲದಿರುವುದರಿಂದ ಇಲ್ಲಿ ಪ್ರತಿಯೊಂದು ಭಾಗದ ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿದರೆ, ಮೋಟರು ಅದರ ಎಂಟು-ಒಂಬತ್ತು ಪಟ್ಟು, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಹಲ್ಲಿಗೆ ಹಲ್ಲು ಕೂಡುವ ಗೇರಿನಿಂದ ತೆಳುವಾದ ಗುಂಯ್ ಎಂಬ ಸ್ವರ ಹೊರಡುವುದು ಸಹಜ. ಕಾರು ಆನ್ ಮಾಡಿದಾಗ ಕೇಳುವ 'ಟಕ್' ಬ್ಯಾಟರಿಯ ಸ್ವಿಚ್ಚು ಕೂಡಿಕೊಂಡ ಸದ್ದು. ಬಿಸಿಲಲ್ಲಿ ಫಾಸ್ಟ್ ಚಾರ್ಜಿಂಗ್ ಮಾಡುವಾಗಿನ ಜೋರು ಗುರುಗುಟ್ಟುವಿಕೆ ಬ್ಯಾಟರಿಯನ್ನು ತಂಪಾಗಿಸುವ ಫ್ಯಾನು, ಕಂಪ್ರೆಸರುಗಳದ್ದು. ನಿಧಾನವಾಗಿ ಹೋಗುವಾಗ ಹೊರಗೆ ಕೇಳುವ ಮೆಲುದನಿಯನ್ನು ಹಲವು ಕಾರುಗಳಲ್ಲಿ ಪಾದಚಾರಿಗಳ ಎಚ್ಚರಿಕೆಗೆಂದೇ ಅಳವಡಿಸಿರುತ್ತಾರೆ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಅದು ಕಡ್ಡಾಯ. ಕಿರಿಕಿರಿ ಎಂದು ಅದನ್ನು ತೆಗೆಸಿಹಾಕಬೇಡಿ. ಬೀದಿಯಲ್ಲಿ ಆಡುವ ಮಕ್ಕಳಿಗೆ ಕಾರು ಬರುತ್ತಿರುವುದು ತಿಳಿಯುವುದು ಅದರಿಂದಲೇ.

ನಿನ್ನೆ ಇಲ್ಲದೆ ಇಂದು ಬಂದ ಸದ್ದು, ವಾರದಿಂದ ವಾರಕ್ಕೆ ಏರುತ್ತಿರುವ ಸದ್ದು – ಇವನ್ನು ಬೆನ್ನುಹತ್ತಬೇಕು. ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ಹೆಚ್ಚು ಹೇಳುತ್ತದೆ. ಖಾಲಿಯಾದ, ಸಮತಟ್ಟಾದ ರಸ್ತೆಯಲ್ಲಿ ಒಬ್ಬರು ಓಡಿಸಲಿ, ಇನ್ನೊಬ್ಬರು ಕಿವಿಗೊಡಲಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದು ಕಾರು ತಾನೇ ನಿಧಾನವಾಗುವಾಗ ಇನ್ನೊಂದು ಸ್ವರ ಬಂದರೆ ಅನುಮಾನ ಗೇರ್ ಬಾಕ್ಸಿನ ಕಡೆಗೆ. ಎಳೆಯುವಾಗ ಹಲ್ಲಿನ ಒಂದು ಮೈಮೇಲೆ, ನಿಧಾನವಾಗುವಾಗ ಇನ್ನೊಂದು ಮೈಮೇಲೆ ಭಾರ ಬೀಳುವುದೇ ಇದಕ್ಕೆ ಕಾರಣ. ಕಾಲು ಒತ್ತಿದರೂ ತೆಗೆದರೂ ಬದಲಾಗದೆ ಬರೀ ವೇಗದ ಜೊತೆ ಏರುವ ಗೊರಗೊರ ಸದ್ದು ಹೆಚ್ಚಾಗಿ ಟೈರಿನದು ಇಲ್ಲವೇ ಚಕ್ರದ ಬೇರಿಂಗಿನದು. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಮಾರ್ಪಟ್ಟರೆ ಟೈರು ನೋಡಿಸಿ. ಎಡಕ್ಕೆ ತಿರುಗುವಾಗ ಜೋರಾದರೆ ಬಲಗಡೆಯ ಬೇರಿಂಗನ್ನು ಮೊದಲು ಪರೀಕ್ಷಿಸಲು ಹೇಳಿ, ಏಕೆಂದರೆ ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಬೀಳುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಿನ ಕಟಕಟ, ಆಕ್ಸಲ್ ಜಾಯಿಂಟಿನದು.

ಮೋಟರಿನದೆಂದು ತಂದ ಎಷ್ಟೋ ಸದ್ದುಗಳು ಕೊನೆಗೆ ಮೋಟರಿನವಾಗಿರುವುದಿಲ್ಲ. ನಮ್ಮ ರಸ್ತೆಗಳ ಹಂಪುಗಳಿಗೆ ತಾಗಿ ಸಡಿಲಾದ ಅಡಿಯ ಪ್ಲಾಸ್ಟಿಕ್ ಹೊದಿಕೆ, ಬ್ರೇಕ್ ಡಿಸ್ಕಿನ ಪಕ್ಕ ಸಿಕ್ಕಿಕೊಂಡ ಜಲ್ಲಿಕಲ್ಲು, ಮಳೆಯಲ್ಲಿ ನೆನೆದು ಡಿಸ್ಕಿಗೆ ಹಿಡಿದ ತುಕ್ಕು – ಇವನ್ನು ಮೊದಲು ನೋಡಿಸಿ. ಇಂಥ ಕಾರುಗಳಲ್ಲಿ ಬ್ರೇಕಿನ ಕೆಲಸದ ಹೆಚ್ಚಿನ ಭಾಗವನ್ನು ಮೋಟರೇ ಮಾಡುವುದರಿಂದ ತುಕ್ಕು ಬೇಗ ಉಜ್ಜಿಹೋಗುವುದಿಲ್ಲ.

ಅನುಮಾನ ಗೇರಿನ ಮೇಲೇ ನಿಂತರೆ, ಎಣ್ಣೆಯ ಮಟ್ಟ ನೋಡಿ, ಸ್ವಲ್ಪ ಹೊರತೆಗೆದು ಪರೀಕ್ಷಿಸಲು ಕೇಳಿ. ಎಣ್ಣೆಯಲ್ಲಿ ಲೋಹದ ಚೂರುಗಳು ಕಂಡರೆ ಒಳಗೆ ಸವೆತ ನಡೆದಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ನುಗ್ಗಿದೆ. ಮೋಟರಿನ ಸ್ವಂತ ಬೇರಿಂಗ್ ಕೆಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇನ್ವರ್ಟರಿನಿಂದಾಗಿ ಶಾಫ್ಟಿನಲ್ಲಿ ಹುಟ್ಟುವ ವಿದ್ಯುತ್ತು ಬೇರಿಂಗಿನ ಮೂಲಕ ಹಾಯುತ್ತ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ, ಗುಳಿಗಳು ಸೇರಿ ಗೆರೆಗಳಾಗುತ್ತವೆ, ಗರಗರ ಸದ್ದು ಶುರುವಾಗುತ್ತದೆ. ಆಗ ಬೇರಿಂಗ್ ಬದಲಿಸಬೇಕು. ಎಷ್ಟೋ ಕಡೆ ಸರ್ವೀಸ್ ಸೆಂಟರಿನವರು ಇಡೀ ಘಟಕವನ್ನೇ ಬದಲಿಸುತ್ತಾರೆ. ಖರ್ಚು ದೊಡ್ಡದು. ಹಲವು ಕಾರುಗಳಲ್ಲಿ ಬ್ಯಾಟರಿ ಮತ್ತು ಮೋಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುವುದರಿಂದ ಮೊದಲ ಅನುಮಾನದಲ್ಲೇ ದೂರು ಬರೆಸಿ, ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ.

ಕಾಲೇಜಿಗೆ ಹೋಗುವ ಮಗನೋ ಮಗಳೋ ಕಾರು ಓಡಿಸುವ ಮನೆಗಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡುವುದು ಸದ್ದನ್ನಲ್ಲ, ಸದ್ದಿನ ಹಿಂದಿನ ಸಂಗತಿಯನ್ನು: ಗುಂಡಿಗೆ ಇಳಿಸಿದ್ದು, ನಿಂತ ನೀರಿನಲ್ಲಿ ನುಗ್ಗಿಸಿದ್ದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಸುತ್ತ ರಸ್ತೆಗಳು ಹೇಗೆ ಮುಳುಗಿದ್ದವೆಂದು ನೆನಪಿರಬಹುದು. ಅಂಥ ನೀರು ಸೀಲು ದಾಟಿ ಒಳಗಿಳಿದರೆ ಅಂದೇ ಏನೂ ತೋರದೆ, ಆಮೇಲೆ ಬೇರಿಂಗನ್ನು ತಿನ್ನಲು ತೊಡಗುತ್ತದೆ. ವಿಷಯ ಅಂದೇ ಗೊತ್ತಾದರೆ ಎಣ್ಣೆ ಬದಲಿಸಿ ಉಳಿಸಿಕೊಳ್ಳಬಹುದು. ಆದ್ದರಿಂದ ಮೊದಲು ಕೇಳಿಸಿಕೊಳ್ಳಿ, ತಪ್ಪು ಯಾರದೆನ್ನುವ ಮಾತು ಆಮೇಲಿರಲಿ.

ಯಂತ್ರದ ಮೇಲೆ ಆಸಕ್ತಿಯಿರುವ ಹುಡುಗರು ವಿಡಿಯೊ ನೋಡಿ ಬಾನೆಟ್ ಎತ್ತಿ ಕೈಹಾಕುವುದುಂಟು. ಆಸಕ್ತಿ ಒಳ್ಳೆಯದೇ. ಆದರೆ ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಇರುವುದು ನೂರಾರು ವೋಲ್ಟು, ಮತ್ತು ಕಾರು ಆಫ್ ಮಾಡಿದ ಮೇಲೂ ಇನ್ವರ್ಟರಿನಲ್ಲಿ ವಿದ್ಯುತ್ತು ಕೆಲವು ನಿಮಿಷ ಉಳಿದಿರುತ್ತದೆ. ಅವರ ಪಾಲಿಗೆ ಬೇರೆ ಕೆಲಸ ಕೊಡಿ: ಸದ್ದು ಬಂದಾಗಿನ ವೇಗ, ರಸ್ತೆ, ಕಾಲು ಎಲ್ಲಿತ್ತು ಎಂಬುದನ್ನು ಬರೆದಿಡುವುದು, ಪಕ್ಕದ ಸೀಟಿನಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡುವುದು.

ಸದ್ದಿನ ಜೊತೆ ಸುಟ್ಟ ವಾಸನೆ ಬಂದರೆ, ಕೆಂಪು ದೀಪ ಹತ್ತಿದರೆ, ಕಾರು ಜಗ್ಗಿದರೆ ಅಥವಾ ಶಕ್ತಿ ಕುಂದಿದರೆ ಪರೀಕ್ಷೆಗೆ ತೊಡಗಬೇಡಿ. ಬದಿಗೆ ನಿಲ್ಲಿಸಿ, ಮಕ್ಕಳನ್ನು ರಸ್ತೆಯಿಲ್ಲದ ಕಡೆಯಿಂದ ಇಳಿಸಿ, ಕಾರಿನಿಂದ ದೂರ ಕರೆದೊಯ್ದು ಟೋ ಗಾಡಿಗೆ ಫೋನ್ ಮಾಡಿ. ಉಳಿದ ಸಂದರ್ಭಗಳಲ್ಲಿ ಸರ್ವೀಸ್ ಸೆಂಟರಿಗೆ ಕಾರು ಒಪ್ಪಿಸಿ ಬಂದುಬಿಡದೆ ಮೆಕ್ಯಾನಿಕನ್ನು ಜೊತೆಗೆ ಕೂರಿಸಿಕೊಂಡು, ಸದ್ದು ಬರುವ ಅದೇ ವೇಗದಲ್ಲಿ ಒಂದು ಸುತ್ತು ಹೋಗಿಬನ್ನಿ. ಸದ್ದನ್ನು ಮೊದಲು ಗುರುತಿಸಿದ ಮಗುವಿಗೆ ರಜೆಯಿದ್ದರೆ ಅದನ್ನೂ ಕರೆದುಕೊಂಡು ಹೋಗಿ.