ಹೆಡ್‌ಫೋನ್ ಮತ್ತು ಶ್ರವಣಸ್ವಾಸ್ಥ್ಯ

1979ರಲ್ಲಿ ಜಪಾನಿನ ಸೋನಿ ಸಂಸ್ಥೆಯು ವಾಕ್‌ಮನ್ ಎಂಬ ಕಿರುಯಂತ್ರವನ್ನು ಹೊರತಂದ ಬಳಿಕ ಹೆಡ್‌ಫೋನ್ ಮನೆಯ ಹೊಸ್ತಿಲು ದಾಟಿ ಪಯಣಿಗರ ಸಂಗಾತಿಯಾಯಿತು. ಇಂದು ಮುಂಬಯಿಯ ಲೋಕಲ್ ರೈಲಿನಲ್ಲಿ ಅದನ್ನು ಧರಿಸಿದವರು ಎಲ್ಲೆಲ್ಲೂ ಕಾಣಸಿಗುತ್ತಾರೆ.

ಇದರ ಗುಣಗಳು ಹಲವು. ನೆರೆಯವರಿಗೆ ಉಪದ್ರವವಿಲ್ಲ, ಧ್ವನಿಯ ಸೂಕ್ಷ್ಮಗಳು ಸ್ಪಷ್ಟವಾಗಿ ಕೇಳುತ್ತವೆ. ಆದರೆ ರೈಲಿನ ಗದ್ದಲದ ನಡುವೆ ಹಾಡು ಕೇಳಿಸಬೇಕಾದರೆ ಧ್ವನಿಯನ್ನು ಗದ್ದಲಕ್ಕಿಂತ ಮೇಲೇರಿಸಬೇಕಾಗುತ್ತದೆ. ಅಪಾಯವಿರುವುದು ಇಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಆಲಿಸಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ದಿನಕ್ಕೆ 2 ಗಂಟೆ ಪ್ರಯಾಣಿಸುವವರು ಈ ಮಟ್ಟದಲ್ಲಿ ಆಲಿಸಿದರೆ ವಾರದ ಮಿತಿ ಎರಡೇ ದಿನಗಳಲ್ಲಿ ಮುಗಿಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಮನೆಯಲ್ಲಿ ರೇಡಿಯೋ ಅಥವಾ ಸ್ಪೀಕರ್ ಲೇಸು. ಮನೆಮಂದಿಯೆಲ್ಲ ಕೂಡಿ ಕೇಳಬಹುದು, ಬಾಗಿಲಿನ ಗಂಟೆ, ಮಗುವಿನ ಅಳುವೂ ಕಿವಿಗೆ ಬೀಳುತ್ತವೆ. ಅಲ್ಲಿಯೂ ಧ್ವನಿ ಮಿತವಾಗಿರಬೇಕು. ಪ್ರಯಾಣದಲ್ಲಿ ಹೊರಗಿನ ಗದ್ದಲವನ್ನು ತಗ್ಗಿಸುವ, ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನ್ ಉತ್ತಮ. ಕಡಿಮೆ ಧ್ವನಿಯೇ ಸಾಕಾಗುತ್ತದೆ. ಬೆಲೆ ಹೆಚ್ಚು ಎಂಬುದೊಂದೇ ಅದರ ಕೊರತೆಯಲ್ಲ. ಎಚ್ಚರಿಕೆಯ ಸದ್ದನ್ನೂ ಅದು ಮರೆಮಾಡುತ್ತದೆ. ಆದ್ದರಿಂದ ರಸ್ತೆ ದಾಟುವಾಗ ಅದನ್ನು ತೆಗೆದಿಡುವುದು ಅಗತ್ಯ.

ಯಾವ ಸಾಧನವಾದರೂ ಧ್ವನಿಯನ್ನು ಗರಿಷ್ಠದ ಶೇಕಡಾ 60ರ ಒಳಗಿರಿಸಿ, ನಡುನಡುವೆ ಕಿವಿಗೆ ವಿಶ್ರಾಂತಿ ಕೊಡಬೇಕು. ಕಿವಿಯೊಳಗೆ ಗುಂಯ್‌ಗುಡುವ ಸದ್ದು ಉಳಿದರೆ, ಎದುರಿನವರ ಮಾತು ಅಸ್ಪಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣುವುದು ಕ್ಷೇಮ.