ಮದರ್‌ಬೋರ್ಡ್ ಕೊಳ್ಳುವ ಮುನ್ನ
ಅಡಿಕೆ ದುಡ್ಡು ಕೈಗೆ ಬರುವುದು ಕೊಯ್ಲು ಮುಗಿದ ಮೇಲೆ. ಕಂಪ್ಯೂಟರ್ ಕೆಡುವುದು ಆಷಾಢದಲ್ಲಿ. ಹೆಗಡೆಕಟ್ಟಾದಂಥ ಊರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ಆ ತಿಂಗಳುಗಳಲ್ಲಿ ದೊಡ್ಡ ಖರ್ಚು ಬಂದರೆ ಸಾಲವೇ ಗತಿ. ಅದಕ್ಕೇ ರಿಪೇರಿಗೆ ನನ್ನದೊಂದು ಕ್ರಮವಿದೆ: ದುಡ್ಡು ಬೇಡದ ಪರೀಕ್ಷೆಗಳೆಲ್ಲ ಮುಗಿಯುವ ತನಕ ಯಾವ ಭಾಗವನ್ನೂ ಕೊಳ್ಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಡೆಸ್ಕ್‌ಟಾಪ್ ಕೆಲಸದ ನಡುವೆ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗತೊಡಗಿತು. ಪೇಟೆಯ ಅಂಗಡಿಯವರು ಫೋನಿನಲ್ಲೇ ಮದರ್‌ಬೋರ್ಡ್ ಹೋಗಿದೆ ಎಂದರು. ಬೋರ್ಡ್ ಹೊಸದಾದರೆ ಅದಕ್ಕೆ ಹೊಂದುವ ಪ್ರೊಸೆಸರ್, ರ್‍ಯಾಮ್ ಕೂಡ ಬೇಕು. ಇಪ್ಪತ್ತು ಸಾವಿರ ದಾಟುವ ಲೆಕ್ಕ.

ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿದೆ. ಮಲೆನಾಡಿನ ತೇವಕ್ಕೆ ರ್‍ಯಾಮ್ ಪಟ್ಟಿಯ ಹೊಳಪು ಮಾಸುತ್ತದೆ; ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿದೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೂ ದೋಷ ಕಾಣಲಿಲ್ಲ. ಡಿಸ್ಕ್ ಚೆನ್ನಾಗಿತ್ತು, ಪ್ರೊಸೆಸರ್ ಬಿಸಿಯೇರುತ್ತಿರಲಿಲ್ಲ. ಉಳಿದದ್ದು ಭಾಗಗಳಿಗೆಲ್ಲ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್. ಅದರ 12 ವೋಲ್ಟ್ ಲೈನು 11.4ರಿಂದ 12.6ರೊಳಗಿರಬೇಕು. ಭಾರದ ಕೆಲಸ ಕೊಟ್ಟು ಮಲ್ಟಿಮೀಟರ್ ಹಿಡಿದರೆ 11ರ ಹತ್ತಿರ ಇಳಿಯುತ್ತಿತ್ತು. ನೆರೆಮನೆಯಿಂದ ಎರವಲು ತಂದ ಎಸ್‌ಎಂಪಿಎಸ್ ಹಾಕಿದೆ, ರೀಸ್ಟಾರ್ಟ್ ನಿಂತಿತು. ಹೊಸದು ಮೂರು ಸಾವಿರದೊಳಗೆ ಬಂತು.

ಆದರೆ ಹಳೆಯದು ಕೆಟ್ಟಿದ್ದೇಕೆ? ಇದನ್ನು ಕೇಳದಿದ್ದರೆ ಮುಂದಿನ ವರ್ಷವೂ ಅದೇ ಖರ್ಚು. ವೈರಿಂಗ್ ಮಾಡುವ ಊರಿನ ಹಿರಿಯರೊಬ್ಬರು ಬಂದು ಸಾಕೆಟ್‌ಗೆ ಮೀಟರ್ ಹಿಡಿದರು. "ತಮಾ, ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯ ನೂರರ ಮೇಲೆ ತೋರಸ್ತಾ ಇದ್ದು. ನಿಮ್ಮನೆಲಿ ಅರ್ಥಿಂಗೇ ಇಲ್ಲೆ!" ಎರಡು ಮೂರು ವೋಲ್ಟ್ ಇರಬೇಕಾದ ಕಡೆ ನೂರು. ಹಿತ್ತಿಲಿನ ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದುದೂ ಅದಕ್ಕೇ. ಮಕ್ಕಳಿರುವ ಮನೆಯಲ್ಲಿ ಇದು ಜೀವದ ಪ್ರಶ್ನೆ. ಅರ್ಥಿಂಗ್ ಇಲ್ಲದಿದ್ದರೆ ದುಬಾರಿ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಧ ಕೆಲಸವನ್ನಷ್ಟೇ ಮಾಡೀತು. ಹೆಚ್ಚಾದ ವಿದ್ಯುತ್ತು ನೆಲಕ್ಕಿಳಿಯಲು ದಾರಿ ಬೇಕಲ್ಲ.

ಹೊಸ ಗುಂಡಿ, ಜಿಐ ಪೈಪು, ತಂತಿ, ಇದ್ದಿಲು, ಉಪ್ಪು, ಕೂಲಿ ಎಲ್ಲ ಸೇರಿ ಎಸ್‌ಎಂಪಿಎಸ್‌ಗಿಂತ ಹೆಚ್ಚೇ ಆಯಿತು. ಆದರೂ ಆ ಮಳೆಗಾಲದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಅದು, ಏಕೆಂದರೆ ಫ್ರಿಜ್, ಇನ್ವರ್ಟರ್, ತೋಟದ ಪಂಪು ಎಲ್ಲವೂ ಅದರ ಕಾವಲಿಗೆ ಬಂದವು. ಸಿಡಿಲು ನೇರ ಬಡಿದರೆ ಇದೂ ಸಾಲದು. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕೀಳಲೇಬೇಕು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹೊಯ್ಯುತ್ತಿರಿ. ನಮ್ಮಲ್ಲಿ ಸಿಡಿಲಿನ ಕಾಟ ಜೋರಾಗುವುದು ಏಪ್ರಿಲ್, ಮೇ ತಿಂಗಳಲ್ಲಿ; ಒಣಗಿದ ನೆಲ ವಿದ್ಯುತ್ತನ್ನು ಸರಿಯಾಗಿ ಎಳೆದುಕೊಳ್ಳದ ಕಾಲವೂ ಅದೇ.